ಮೆಗ್ಗರ್ ಹಿಡಿದರೆ ಹತ್ತು ನಿಮಿಷ ಹಿಡಿಯಿರಿ

"ಸಾರ್, 180 ತೋರಿಸ್ತಿದೆ. ಸ್ಟಾರ್ಟ್ ಮಾಡೋಣ್ವಾ?"

ಮಳೆಗಾಲದ ಒಂದು ಬೆಳಿಗ್ಗೆ ಪಂಪ್‌ಹೌಸ್‌ನಿಂದ ಬಂದ ಫೋನ್ ಇದು. ಇನ್ಸುಲೇಶನ್ ಎಷ್ಟು ಗಟ್ಟಿ ಅಂತ ಮೆಗಾ ಓಮ್‌ನಲ್ಲಿ ಅಳೆಯುವ ಮೀಟರ್, ಅಂದರೆ ಮೆಗ್ಗರ್, ಮೊದಲ ನಿಮಿಷಕ್ಕೆ ತೋರಿಸಿದ ಓದು ಅದು. 6.6 ಕೆವಿ ಮೋಟರ್, ಮೂರು ವಾರದಿಂದ ನಿಂತಿತ್ತು. 100 ಮೆಗಾ ಓಮ್ ದಾಟಿದರೆ ಸಾಕು ಅಂತ ಹುಡುಗರಿಗೆ ಗೊತ್ತು. 1970ರಿಂದೀಚೆಗಿನ ಇಂಥ ಮೋಟರ್‌ಗಳಿಗೆ ಐಇಇಇ 43 ಎಂಬ ಮಾನದಂಡ ಹೇಳುವ ಕನಿಷ್ಠ ಮಿತಿಯೂ ಅದೇ. ಆದರೂ ಬೇಡ, 10 ನಿಮಿಷ ಹಿಡಿದು ಮತ್ತೆ ಓದಿ ಅಂದೆ. ಬಂದದ್ದು 195.

ಅಂದರೆ ಹತ್ತನೇ ನಿಮಿಷದ ಓದನ್ನು ಮೊದಲನೇ ನಿಮಿಷದ್ದರಿಂದ ಭಾಗಿಸಿದರೆ 1.1 ಕೂಡ ಸರಿಯಾಗಿ ಇಲ್ಲ. ಇದನ್ನೇ ಪಿಐ (ಪೋಲರೈಸೇಶನ್ ಇಂಡೆಕ್ಸ್) ಅನ್ನುತ್ತೇವೆ. ಈಗಿನ ಎಪಾಕ್ಸಿ-ಮೈಕಾ ಇನ್ಸುಲೇಶನ್‌ಗೆ ಇದು ಕನಿಷ್ಠ 2 ಇರಬೇಕು.

ಹೊಸ ಮಡಕೆಗೆ ನೀರು ತುಂಬಿಸಿದ್ದೀರಲ್ವಾ? ಮೊದಮೊದಲು ಮಣ್ಣು ಗಬಗಬ ಹೀರುತ್ತದೆ, ಬರಬರುತ್ತಾ ಹೀರುವುದು ಕಡಿಮೆಯಾಗುತ್ತದೆ. ಆದರೆ ಮಡಕೆ ಬಿರುಕು ಬಿಟ್ಟಿದ್ದರೆ ಸೋರುವುದು ಮಾತ್ರ ಒಂದೇ ಸಮ. ಇನ್ಸುಲೇಶನ್ ಕೂಡ ಹಾಗೇ: ಒಳ್ಳೆಯದಾಗಿದ್ದರೆ ನಿಮಿಷ ಕಳೆದಂತೆ ಕರೆಂಟ್ ಇಳಿದು ಮೆಗಾ ಓಮ್ ಏರುತ್ತಾ ಹೋಗುತ್ತದೆ, ತೇವವೋ ಕೊಳೆಯೋ ಕೂತಿದ್ದರೆ ಅದರ ಮೇಲೆ ಹರಿಯುವ ಲೀಕೇಜ್ ಇಳಿಯುವುದೇ ಇಲ್ಲ, ಮುಳ್ಳು ನಿಂತಲ್ಲೇ ನಿಲ್ಲುತ್ತದೆ.

ನಾನು ಹೋಗಿ ಟರ್ಮಿನಲ್ ಬಾಕ್ಸ್ ತೆಗೆಸಿದೆ. ಬುಶಿಂಗ್ (ತಂತಿ ಹೊರಬರುವ ಕಡೆಯ ಇನ್ಸುಲೇಟರ್) ಮೇಲೆ ಸಣ್ಣ ಸಣ್ಣ ಹನಿ, ಕೆಳಗೆ ಎಣ್ಣೆ ಹಿಡಿದ ಕಪ್ಪು ಧೂಳು. ಮೋಟರ್ ನಿಂತಾಗ ತೇವ ಕೂರದಂತೆ ಬಿಸಿ ಇಡುವ ಸ್ಪೇಸ್ ಹೀಟರ್ ಮುಟ್ಟಿದರೆ ತಣ್ಣಗೆ. ಅದರ ಫ್ಯೂಸ್ ಯಾವಾಗ ಹೋಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಒರೆಸಿ, ಹೀಟರ್ ಸರಿಮಾಡಿ, ಎರಡು ದಿನ ಒಣಗಿಸಿದೆವು. ಕೇಬಲ್ ಬಿಚ್ಚಿ ಮತ್ತೆ ನೋಡಿದರೆ 1,100, ಹತ್ತು ನಿಮಿಷಕ್ಕೆ 3,700. ಈಗ ಓಡಿಸಿ ಅಂದೆ. ಮೊದಲ ದಿನವೇ ಬ್ರೇಕರ್ ಹಾಕಿದ್ದರೆ ವೈಂಡಿಂಗ್ ಸುಟ್ಟು ತಿಂಗಳುಗಟ್ಟಲೆ ರಿವೈಂಡಿಂಗ್‌ಗೆ ಹೋಗುವ ಸಾಧ್ಯತೆ ಇತ್ತು.

ಒಂದು ಮಾತು, ಮೊದಲ ನಿಮಿಷದಲ್ಲೇ 5,000 ಮೆಗಾ ಓಮ್ ದಾಟಿದ್ದರೆ ಪಿಐ ಕಡಿಮೆ ಬಂತು ಅಂತ ಗಾಬರಿ ಬೇಡ. ಅಷ್ಟು ಸಣ್ಣ ಕರೆಂಟ್‌ನಲ್ಲಿ ಆ ಲೆಕ್ಕಕ್ಕೆ ಜಾಸ್ತಿ ಅರ್ಥವಿಲ್ಲ.

ಪಿಐ ಚೆನ್ನಾಗಿದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಸುತ್ತು-ಸುತ್ತಿನ ನಡುವಿನ ದೋಷ ಮೆಗ್ಗರ್‌ಗೆ ಕಾಣುವುದೇ ಇಲ್ಲ, ಯಾಕಂದರೆ ಎಲ್ಲ ಸುತ್ತಿಗೂ ಒಂದೇ ವೋಲ್ಟೇಜ್ ಹೋಗುತ್ತದೆ. ಅದಕ್ಕೆ ಸರ್ಜ್ ಟೆಸ್ಟ್ ಬೇಕು. ಇನ್ಸುಲೇಶನ್ ಒಳಗೆ ಗಾಳಿ ಗುಳ್ಳೆ ಇದೆಯಾ ಅಂತ ತಿಳಿಯಲು ಟ್ಯಾನ್ ಡೆಲ್ಟಾ, ಪಾರ್ಶಿಯಲ್ ಡಿಸ್ಚಾರ್ಜ್ ಟೆಸ್ಟ್ ಮಾಡಿಸಬೇಕು. ಕಾಯಿಲ್ ತುದಿಗಳಲ್ಲಿ ಬಿಳಿ ಪುಡಿ ಕಂಡರಂತೂ ಮುಂದೂಡಬೇಡಿ.

ಇನ್ನು, ಟೆಸ್ಟ್ ಮುಗಿದ ಕೂಡಲೇ ಕೈ ಹಾಕಬೇಡಿ. 5,000 ವೋಲ್ಟ್ ಕೊಟ್ಟ ವೈಂಡಿಂಗ್ ಅದು. ಒಂದು ಸಲ ಅರ್ಥ್ ಮಾಡಿ (ನೆಲಕ್ಕೆ ಜೋಡಿಸಿ) ತೆಗೆದರೂ ಒಳಗೆ ಹೀರಿಕೊಂಡ ಚಾರ್ಜ್ ಮೆಲ್ಲಗೆ ವಾಪಸ್ ಬರುತ್ತದೆ. 10 ನಿಮಿಷ ಚಾರ್ಜ್ ಮಾಡಿದ್ದರೆ ಕನಿಷ್ಠ 40 ನಿಮಿಷ ಅರ್ಥ್ ಹಾಕಿಯೇ ಇಡಿ, ಸುಮ್ನೆ ಕಾಯುವ ಬದಲು ಅಷ್ಟರಲ್ಲಿ ಎರಡೂ ಓದು, ವೈಂಡಿಂಗ್ ಎಷ್ಟು ಬಿಸಿ ಇತ್ತು, ಹೊರಗೆ ಮಳೆ ಇತ್ತಾ ಅಂತೆಲ್ಲ ರಿಜಿಸ್ಟರ್‌ನಲ್ಲಿ ಬರೆದುಬಿಡಿ. ಮುಂದಿನ ವರ್ಷ ಹೋಲಿಸಿ ನೋಡಲು ಅದೇ ಬೇಕಾಗುತ್ತದೆ.