ಹತ್ತಕ್ಕೊಂದು ಸೊನ್ನೆ, ಮೂರಕ್ಕೆ ದುಪ್ಪಟ್ಟು: ಬಿ.ಕಾಂ. ಓದಿದವರ ಉಪಗ್ರಹ ಟಿಪ್ಪಣಿ

ನನ್ನದು ಖರೀದಿ ವಿಭಾಗ, ಓದಿದ್ದು ಬಿ.ಕಾಂ. ವಿಸ್ಯಾಟ್ (ಸಣ್ಣ ಡಿಶ್ ಇಟ್ಟು ಉಪಗ್ರಹದ ಮೂಲಕ ಪಡೆಯುವ ಡೇಟಾ ಸಂಪರ್ಕ) ಕೊಟೇಶನ್‌ಗಳು ನನ್ನ ಮೇಜಿಗೆ ಬರತೊಡಗಿದ ಮೇಲೆ ಆಫೀಸಿನವರು ಎರಡು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಗೀಚಿಕೊಂಡಿದ್ದನ್ನು ವೈಟ್‌ಫೀಲ್ಡ್‌ನಿಂದ ಮನೆಗೆ ಹೋಗುವ ಮೆಟ್ರೋದಲ್ಲಿ ಕೂತು ಬಿಡಿಸಿ ಬರೆದಿದ್ದೇನೆ. ಮರೆತುಹೋಗುವ ಮುಂಚೆ ಬರೆದಿಡೋಣ ಅಂತ.

ಎತ್ತರ

ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕ ವೃತ್ತದ ನೇರಕ್ಕೆ, 35,786 ಕಿ.ಮೀ. ಮೇಲೆ. ಅದು ಒಂದು ಸುತ್ತು ಹಾಕುವ ಹೊತ್ತಿಗೆ ಭೂಮಿಯೂ ಒಂದು ಸುತ್ತು ತಿರುಗಿರುತ್ತದೆ, ಹಾಗಾಗಿ ನಮಗೆ ಅದು ನಿಂತಲ್ಲೇ ನಿಂತ ಹಾಗೆ. ಡಿಶ್ ಒಮ್ಮೆ ತಿರುಗಿಸಿ ಬೋಲ್ಟ್ ಬಿಗಿದರೆ ಆಯಿತು. ಮೆಟ್ರೋ ಕಿಟಕಿಯಿಂದ ತಾರಸಿಗಳ ಮೇಲಿನ ಟಿ.ವಿ. ಡಿಶ್‌ಗಳನ್ನು ನೋಡಿ, ಒಂದೂ ಉತ್ತರಕ್ಕೆ ಮುಖ ಮಾಡಿರುವುದಿಲ್ಲ. ಸಮಭಾಜಕ ವೃತ್ತ ನಮಗೆ ದಕ್ಷಿಣಕ್ಕಿದೆಯಲ್ಲ, ಅದಕ್ಕೆ. ಇಸ್ರೋದ ಇಂಥ ಉಪಗ್ರಹಗಳ ಉಸ್ತುವಾರಿ ನಮ್ಮ ಹಾಸನದ್ದೇ, ಜೊತೆಗೆ ಭೋಪಾಲ್‌ನದು.

ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡ್, ಉತ್ತರ ಬರಲು ಇನ್ನೊಂದು ಕಾಲು. ಎಷ್ಟು ದುಡ್ಡು ಸುರಿದರೂ ಈ ಅರ್ಧ ಸೆಕೆಂಡ್ ಕಮ್ಮಿಯಾಗುವುದಿಲ್ಲ. ಬಿಲ್ಲಿಂಗ್‌ಗೆ ಅಡ್ಡಿಯಿಲ್ಲ, ಫೋನಿನಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ನಿಲ್ಲಿಸುತ್ತಾರೆ. ಸ್ಟಾರ್‌ಲಿಂಕ್ ಥರದವು ಸುಮಾರು 550 ಕಿ.ಮೀ. ಎತ್ತರದಲ್ಲಿ ಓಡುತ್ತಿರುವುದರಿಂದ ಈ ತೊಂದರೆ ಇಲ್ಲ. ಆದರೆ ಒಂದೊಂದೂ ನಮ್ಮ ನೆತ್ತಿಯ ಮೇಲೆ ಇರುವುದು ಕೆಲವೇ ನಿಮಿಷ, ಅದಕ್ಕೇ ಸಾವಿರಗಟ್ಟಲೆ ಬೇಕು.

ಡಿಬಿ, ಅಂದರೆ ಡೆಸಿಬೆಲ್ (ನಾನು ಎಡವಿದ್ದು ಇಲ್ಲಿ)

ಸಕಲೇಶಪುರದ ಹತ್ತಿರದ ನಮ್ಮ ಕಾಫಿ ಗೋದಾಮಿಗೆ ಎರಡು ಕೊಟೇಶನ್ ಬಂದಿದ್ದವು. ಒಂದರಲ್ಲಿ 1.2 ಮೀಟರ್ ಡಿಶ್, ಇನ್ನೊಂದರಲ್ಲಿ 1.8. ದೊಡ್ಡದಕ್ಕೆ ದರ ಜಾಸ್ತಿ, ಲಾಭದ (ಸಿಗ್ನಲ್ ಎಷ್ಟು ಹೆಚ್ಚು ಸಿಗುತ್ತದೆ ಅನ್ನುವ) ಕಾಲಂನಲ್ಲಿ ಬರೀ ‘3.5 ಡಿಬಿ’. ಅದೇ ಹಾಳೆಯಲ್ಲಿ ಪಾತ್ ಲಾಸ್ (ದಾರಿಯಲ್ಲಿ ಸಿಗ್ನಲ್‌ಗೆ ಆಗುವ ನಷ್ಟ) 205 ಡಿಬಿ ಅಂತ ಇತ್ತು. ಇನ್ನೂರೈದರಲ್ಲಿ ಮೂರೂವರೆ ಯಾವ ಲೆಕ್ಕ, ಶೇ 2 ಕೂಡ ಇಲ್ಲ ಅಂದುಕೊಂಡು ದೊಡ್ಡದನ್ನು ಹೊಡೆದುಹಾಕಿದೆ. ನೆಟ್‌ವರ್ಕ್ ವಿಭಾಗದ ಹುಡುಗಿ ಹಾಳೆ ನೋಡಿ, “ಸರ್, ಅದು ಮೂರೂವರೆ ರೂಪಾಯಿ ಅಲ್ಲ, ಎರಡೂಕಾಲು ಪಟ್ಟು” ಅಂದಳು. ನನಗೆ ತಲೆಬುಡ ಗೊತ್ತಾಗಲಿಲ್ಲ.

ಗೊತ್ತಾಗಲು ಎರಡು ದಿನ ಹಿಡಿಯಿತು. ಡಿಬಿ ಅನ್ನುವುದು ಮೊತ್ತವಲ್ಲ, ಪಟ್ಟು. ಗುಣಾಕಾರ ಮಾಡುವ ಕಡೆ ಕೂಡಿಸಿ ಮುಗಿಸಲು ಎಂಜಿನಿಯರುಗಳು ಮಾಡಿಕೊಂಡ ಉಪಾಯ. ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದು ಇಷ್ಟೇ: ಹತ್ತಕ್ಕೊಂದು ಸೊನ್ನೆ, ಮೂರಕ್ಕೆ ದುಪ್ಪಟ್ಟು. 10 ಡಿಬಿ ಅಂದರೆ 10 ಪಟ್ಟು, 20 ಅಂದರೆ 100, 30 ಅಂದರೆ 1,000. 3 ಅಂದರೆ 2 ಪಟ್ಟು, 6 ಅಂದರೆ 4, 9 ಅಂದರೆ 8. 7 ಬಂದರೆ? ಹತ್ತರಲ್ಲಿ ಮೂರು ಕಳೆದರೆ ಏಳು, ಹತ್ತು ಪಟ್ಟಿನ ಅರ್ಧ ಐದು. ಹಾಗಾಗಿ 37 ಡಿಬಿ ಅಂದರೆ 5,000 ಪಟ್ಟು. ಕ್ಯಾಲ್ಕುಲೇಟರ್ ಬೇಡ. ಮೈನಸ್ ಇದ್ದರೆ ಅಷ್ಟೇ ಪಟ್ಟು ಭಾಗಿಸಿ.

ಇನ್ನೊಂದು: ದೂರ ದುಪ್ಪಟ್ಟಾದರೆ ಸಿಗ್ನಲ್ ಕಾಲು ಭಾಗ, ಅಂದರೆ 6 ಡಿಬಿ ನಷ್ಟ. 550 ಕಿ.ಮೀ.ಗೆ ಹೋಲಿಸಿದರೆ 35,786 ಕಿ.ಮೀ. 65 ಪಟ್ಟು ದೂರ. 65ರ ವರ್ಗ 4,225. ಡಿಬಿಯಲ್ಲಿ ವ್ಯತ್ಯಾಸ ಸುಮಾರು 36. ಮೂವತ್ತಕ್ಕೆ ಸಾವಿರ, ಆರಕ್ಕೆ ನಾಲ್ಕು, 4,000. ಬಾಯಿಲೆಕ್ಕಕ್ಕೆ ಸಾಕು.

ಇಷ್ಟಾದ ಮೇಲೂ ‘ಡಿಬಿಎಂ’ ನನ್ನನ್ನು ಮತ್ತೆ ಬೀಳಿಸಿತು. ಡಿಬಿಎಂ ನಿಜವಾದ ಮೊತ್ತ, 1 ಮಿಲಿವ್ಯಾಟ್‌ಗೆ ಎಷ್ಟು ಪಟ್ಟು ಅನ್ನುವ ಲೆಕ್ಕ. 0 ಡಿಬಿಎಂ ಅಂದರೆ ಸೊನ್ನೆಯಲ್ಲ, 1 ಮಿಲಿವ್ಯಾಟ್. 30 ಅಂದರೆ 1 ವ್ಯಾಟ್. ಯಾವುದಕ್ಕೆ ಯಾವುದನ್ನು ಕೂಡಿಸಬಹುದು ಅನ್ನುವುದೇ ಗೋಜಲು. ಕೊನೆಗೆ ನಮ್ಮ ಇನ್‌ವಾಯ್ಸ್ ಕಾಪಾಡಿತು. ಡಿಬಿಎಂ ಅಂದರೆ ತಾರೀಖು, ಡಿಬಿ ಅಂದರೆ ದಿನ. ಬಿಲ್ ತಾರೀಖಿಗೆ 45 ದಿನ ಸೇರಿಸಿದರೆ ಪಾವತಿಯ ತಾರೀಖು ಬರುತ್ತದೆ. ತಾರೀಖಿನಲ್ಲಿ ತಾರೀಖು ಕಳೆದರೆ ದಿನ. ತಾರೀಖಿಗೆ ತಾರೀಖು ಕೂಡಿಸಲು ಬರುವುದಿಲ್ಲ, ಮಾರ್ಚ್ 5ಕ್ಕೆ ಜೂನ್ 12 ಕೂಡಿಸಿ ಅಂದರೆ ಏನು ಹೇಳುತ್ತೀರಿ? 20 ಡಿಬಿಎಂ ಬಿಡುವ ಎರಡು ರೂಟರ್ ಪಕ್ಕಪಕ್ಕ ಇಟ್ಟರೆ 40 ಆಗುವುದಿಲ್ಲ. ಶಕ್ತಿ ದುಪ್ಪಟ್ಟಾಗಿ 23 ಆಗುತ್ತದೆ.

ಇನ್ನು ಲಿಂಕ್ ಬಜೆಟ್, ಅಂದರೆ ಸಿಗ್ನಲ್‌ನ ಜಮಾ-ಖರ್ಚು, ಸಲೀಸು. ಉಪಗ್ರಹದ ಟ್ರಾನ್ಸ್‌ಮಿಟರ್ 100 ವ್ಯಾಟ್ ಅನ್ನಿ, ಅಂದರೆ 50 ಡಿಬಿಎಂ. ಅದರ ಆಂಟೆನಾ ಟಾರ್ಚಿನ ಹಾಗೆ ಎಲ್ಲವನ್ನೂ ನಮ್ಮ ಕಡೆಗೇ ಕೂಡಿಸಿ ಬಿಡುತ್ತದೆ, ಅದಕ್ಕೆ 30 ಡಿಬಿ. ದಾರಿಯಲ್ಲಿ ಚದುರಿ ಹೋಗುವುದು 205. ಗೋದಾಮಿನ 1.2 ಮೀಟರ್ ಡಿಶ್ ಬಾಚಿಕೊಡುವುದು ಸುಮಾರು 42. ಒಟ್ಟು: 50+30−205+42, ಅಂದರೆ −83 ಡಿಬಿಎಂ. ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿ ಐದು ಪಾಲು ಎತ್ತಿಕೊಂಡ ಹಾಗೆ. ಅಷ್ಟರಲ್ಲೇ ನಮ್ಮ ಸ್ಟಾಕ್ ಲೆಕ್ಕ ಓಡಾಡುತ್ತದೆ ಅನ್ನುವುದು ನನಗಿನ್ನೂ ನಂಬಲಾಗಿಲ್ಲ. ಈ ಪುಡಿಗಾಸಿನ ಮುಂದೆ ಎರಡೂಕಾಲು ಪಟ್ಟು ಸಣ್ಣದಲ್ಲ. 1.8ನ್ನು 1.2ರಿಂದ ಭಾಗಿಸಿ ವರ್ಗ ಮಾಡಿ: 2.25. ಹುಡುಗಿ ಹೇಳಿದ್ದು ಅದನ್ನೇ.

ಬ್ಯಾಂಡ್ ಮತ್ತು ಮಳೆ

ಬ್ಯಾಂಡ್ ಅಂದರೆ ಸಿಗ್ನಲ್ ಓಡಾಡುವ ಆವರ್ತನಗಳ ಪಟ್ಟಿ. ಸಿ ಬ್ಯಾಂಡ್: ಮೇಲಕ್ಕೆ ಸುಮಾರು 6 ಗಿಗಾಹರ್ಟ್ಸ್, ಕೆಳಕ್ಕೆ 4. ಕೆಯು: 14 ಮತ್ತು 12ರ ಆಸುಪಾಸು. ಕೆಎ: 30 ಮತ್ತು 20. ಆವರ್ತನ ಏರಿದಷ್ಟೂ ಡಿಶ್ ಚಿಕ್ಕದಾಗಬಹುದು, ಆದರೆ ಮಳೆಯ ಕಾಟ ಹೆಚ್ಚು. ಸಿ ಬ್ಯಾಂಡಿನ ಅಲೆ ಏಳೂವರೆ ಸೆಂ.ಮೀ. ಉದ್ದ, ಕೆಯುದು ಎರಡೂವರೆ. ಅಲೆ ಚಿಕ್ಕದಾಗುತ್ತಾ ಹನಿಯ ಅಳತೆಗೆ ಹತ್ತಿರವಾದಷ್ಟೂ ಹನಿ ಅದನ್ನು ಹೀರುತ್ತದೆ, ಚದುರಿಸುತ್ತದೆ. ಮಳೆ ಇರುವುದು ಕೊನೆಯ ಐದಾರು ಕಿ.ಮೀ.ಯಲ್ಲಿ ಮಾತ್ರ, ಅಷ್ಟು ದೂರದಿಂದ ಬಂದವನು ಹೊಸ್ತಿಲಲ್ಲಿ ಎಡವಿದ ಹಾಗೆ. ಆ ಎಡವಾಟಕ್ಕೆ ಎತ್ತಿಟ್ಟ ಡಿಬಿಗೇ ‘ಫೇಡ್ ಮಾರ್ಜಿನ್’ ಅನ್ನುತ್ತಾರೆ. ದೊಡ್ಡ ಡಿಶ್ಶಿನ 3.5 ಹೋಗಿ ಸೇರುವುದು ಅಲ್ಲಿಗೇ.

ಬ್ಯಾಂಡ್‌ವಿಡ್ತ್ ಅನ್ನುವ ಪದದ ಬಗ್ಗೆಯೂ ಹುಷಾರು. ಉಪಗ್ರಹದವರು ಬಾಡಿಗೆಗೆ ಕೊಡುವುದು ಮೆಗಾಹರ್ಟ್ಸ್, ನಮಗೆ ಬೇಕಿರುವುದು ಮೆಗಾಬಿಟ್. ಸಿಗ್ನಲ್ ಚೆನ್ನಾಗಿದ್ದರೆ ಅದೇ ಮೆಗಾಹರ್ಟ್ಸ್‌ನಲ್ಲಿ ಹೆಚ್ಚು ಬಿಟ್ ತುಂಬಬಹುದು. ಮಳೆ ಹಿಡಿದಾಗ ಈಗಿನ ಮೋಡೆಮ್‌ಗಳು ಕಡಿಮೆ ತುಂಬಿ ಹೇಗೋ ಸಂಪರ್ಕ ಉಳಿಸಿಕೊಳ್ಳುತ್ತವೆ. ಲಿಂಕ್ ಸಾಯುವುದಿಲ್ಲ, ತೆವಳುತ್ತದೆ.

ಕೊಟೇಶನ್‌ನ ಕೊನೆಯ ಸಾಲು: ಲಭ್ಯತೆ ಶೇ 99.5. ನೂರಕ್ಕೆ ನೂರೇ ಅಂದುಕೊಂಡು ಟಿಕ್ ಹಾಕಿಬಿಟ್ಟಿದ್ದೆ. ವರ್ಷಕ್ಕೆ 8,760 ಗಂಟೆ, ಅರ್ಧ ಪರ್ಸೆಂಟ್ ಅಂದರೆ ಸುಮಾರು 44 ಗಂಟೆ ಸಂಪರ್ಕವಿಲ್ಲ. ಶೇ 99.9 ಆಗಿದ್ದರೆ ಅದು ಒಂಬತ್ತು ಗಂಟೆಯೂ ಆಗುವುದಿಲ್ಲ. ಸಕಲೇಶಪುರದಲ್ಲಿ ಆ 44 ಗಂಟೆ ಜನವರಿಯಲ್ಲಂತೂ ಬರುವುದಿಲ್ಲ. ಟಿಕ್ ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: ಇದು ವರ್ಷದ ಸರಾಸರಿಯೋ, ಕೆಟ್ಟ ತಿಂಗಳಿನದೋ? ತೆವಳುವ ಹೊತ್ತನ್ನು ಎದ್ದಿರುವ ಹೊತ್ತಿಗೇ ಸೇರಿಸಿದ್ದೀರಾ? 1.8 ಮೀಟರ್ ಡಿಶ್ ಹಾಕಿದರೆ ಈ ಅಂಕಿ ಎಷ್ಟಾಗುತ್ತದೆ, ಬರೆದು ಕಳಿಸಿ.