ನೀರಿನ ಹಳೇ ದಾರಿಯಲ್ಲಿ ನಮ್ಮ ಹೊಸ ರಸ್ತೆ

2023ರ ಆಗಸ್ಟ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಮೊದಲ ಬಾರಿಗೆ ಉಷ್ಣವಲಯದ ಬಿರುಗಾಳಿಯ ಎಚ್ಚರಿಕೆ ಕೊಟ್ಟರು. ಪೆಸಿಫಿಕ್ ಕಡಲಿನಿಂದ ಬರುತ್ತಿದ್ದದ್ದು ಹಿಲರಿ ಎಂಬ ಚಂಡಮಾರುತ. 'ಹಿಂದೆಂದೂ ಕಂಡಿಲ್ಲ' ಎನ್ನುವ ಮಾತು ಬಾಯಿಂದ ಬಾಯಿಗೆ ಹೋಯಿತು. ಎಚ್ಚರಿಕೆ ಹೊಸದು, ಸರಿ. ಮಳೆ ಹೊಸದಾ?

1858ರಲ್ಲಿ ಸ್ಯಾನ್ ಡಿಯಾಗೋ ಇಂಥ ಹೊಡೆತ ತಿಂದಿತ್ತು. 1939ರಲ್ಲಿ ಲಾಂಗ್ ಬೀಚ್ ಬಳಿ ಅಪ್ಪಳಿಸಿದ ಬಿರುಗಾಳಿಗೆ ನೆಲ, ಕಡಲು ಸೇರಿ 90ಕ್ಕೂ ಜಾಸ್ತಿ ಜನ ಸತ್ತರು. 1976ರಲ್ಲಿ ಕ್ಯಾಥ್ಲೀನ್ ಬಂದು ಒಕೊಟಿಯೊ ಎಂಬ ಮರುಭೂಮಿಯ ಪುಟ್ಟ ಊರನ್ನು ಬಹುಪಾಲು ಕೆಡವಿ ಹೋಯಿತು. ಅಲ್ಲಿಯ ಕಡಲು ತಣ್ಣಗಿದೆ, ಚಂಡಮಾರುತಗಳು ದಾರಿಯಲ್ಲೇ ಸೊರಗುತ್ತವೆ. ಹಾಗಾಗಿ ನೆನಪೂ ಬೇಗ ಸೊರಗುತ್ತದೆ.

ಹಿಲರಿಯೂ ಸೊರಗಿತ್ತು. ಆದರೆ ಬೇಗ ಬೇಗ ಬಂದದ್ದರಿಂದ ಮಳೆ ಅದರ ಹೊಟ್ಟೆಯಲ್ಲೇ ಉಳಿದಿತ್ತು. ಪಾಮ್ ಸ್ಪ್ರಿಂಗ್ಸ್ ಎಂಬ ಮರುಭೂಮಿಯ ಊರಿನ ನೆತ್ತಿಯ ಮೇಲೆ ಸ್ಯಾನ್ ಹಸಿಂಟೊ ಬೆಟ್ಟ, 3,300 ಮೀಟರ್ ಎತ್ತರ. ಮೋಡ ಅದಕ್ಕೆ ಮೈ ಒರಗಿಸಿ ಸುರಿಯಿತು. ಊರಲ್ಲಿ ಒಂದೇ ದಿನ 3 ಇಂಚಿಗೂ ಜಾಸ್ತಿ ಮಳೆ. ವರ್ಷಕ್ಕೆಲ್ಲ ಅಲ್ಲಿ ಬೀಳುವುದೇ 5 ಇಂಚಿನ ಆಸುಪಾಸು. ಗಟ್ಟಿ ನೆಲ, ಕುಡಿಯಲು ಬೇರುಗಳೂ ಕಡಿಮೆ. ನೀರು ಕಲ್ಲು, ಮರಳು ಎಳೆದುಕೊಂಡು ಹಳ್ಳ ಹಿಡಿಯಿತು.

ಹಳ್ಳದಲ್ಲಿ ಏನಿತ್ತು? ರಸ್ತೆ. ವೈಟ್‌ವಾಟರ್ ನದಿ ವರ್ಷದ ಬಹುಪಾಲು ಬರೀ ಮರಳು. ಅದರ ಮೇಲೇ ಇಂಡಿಯನ್ ಕ್ಯಾನ್ಯನ್ ಡ್ರೈವ್, ಜೀನ್ ಆಟ್ರಿ ಟ್ರೇಲ್ ಹಾದುಹೋಗುತ್ತವೆ. ಎರಡೂ ಬಂದ್ ಆದವು. ಹೆದ್ದಾರಿ 10 ಕೆಸರಲ್ಲಿ ಹೂತಿತು, ತುರ್ತು ಸಹಾಯದ 911ಕ್ಕೆ ಫೋನ್ ಹೋಗಲಿಲ್ಲ. ಪಕ್ಕದ ಕೆಥೀಡ್ರಲ್ ಸಿಟಿಯಲ್ಲಿ ವೃದ್ಧರ ಆರೈಕೆ ಮನೆಯೊಂದಕ್ಕೆ ಕೆಸರು ನುಗ್ಗಿತು. ಅಗ್ನಿಶಾಮಕದವರು ಮಣ್ಣೆತ್ತುವ ಯಂತ್ರ ತಂದು, ಅದರ ಬಕೆಟ್‌ನಲ್ಲಿ ಅಜ್ಜ ಅಜ್ಜಿಯರನ್ನು ಕೂರಿಸಿ ಹೊರತಂದರು. ಒಟ್ಟು 14 ಜನ.

ಡೆತ್ ವ್ಯಾಲಿ ಎಂಬ ಮರುಭೂಮಿಯ ರಾಷ್ಟ್ರೀಯ ಉದ್ಯಾನದಲ್ಲಿ ಅದೇ ದಿನ 2.20 ಇಂಚು, ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ಮಳೆ. ನಮ್ಮೂರಲ್ಲಾದರೆ ಒಂದು ಸಂಜೆಯ ಜೋರು ಮಳೆ, ಅಷ್ಟೇ ಅಲ್ವಾ? ಅಲ್ಲಿ ಹಳೇ ಮ್ಯಾನ್ಲಿ ಸರೋವರ ಮತ್ತೆ ಎದ್ದಿತು. ಉದ್ಯಾನವನ್ನು ಅಕ್ಟೋಬರ್ ಮಧ್ಯದವರೆಗೆ ತೆರೆಯಲಾಗಲಿಲ್ಲ.

ಪಾಮ್ ಸ್ಪ್ರಿಂಗ್ಸ್‌ನಲ್ಲಿ ಕೆಸರು ತೆಗೆದ ಮೇಲೆ ರಸ್ತೆಗಳು ತೆರೆದವು. ಸೇತುವೆಯ ಮಾತು ವರ್ಷಗಳಿಂದ ನಡೆದೇ ಇದೆ. ಮಳೆಯಿಲ್ಲದ ದಿನ ಗಾಳಿ ಜೋರಾದರೂ ಸಾಕು, ಹಳ್ಳದ ಮರಳು ಎದ್ದು ಅದೇ ರಸ್ತೆಗಳು ಬಂದ್ ಆಗುತ್ತವೆ.