ಪದ ಪರಿಚಯ: ಎಫ್‌ಆರ್‌ಎಫ್‌ಆರ್

ಹೋದ ವಾರ ಮತ್ತೊಮ್ಮೆ ಕೇಳಿದೆ: ‘ಎಫ್‌ಆರ್‌ಎಫ್‌ಆರ್ ಟೋನ್ ನನಗೆ ಹಿಡಿಸಲ್ಲ, ತುಂಬಾ ಫ್ಲ್ಯಾಟ್ ಆಗಿರುತ್ತೆ.’ ಹೇಳಿದವರು ಹೊಸಬರಲ್ಲ. ಎಷ್ಟೋ ವರ್ಷದಿಂದ ವೇದಿಕೆ ಮೇಲೆ ಗಿಟಾರ್ ನುಡಿಸುತ್ತಿರುವವರು. ಒಳ್ಳೆಯ ಮಾಡೆಲರ್ (ಆಂಪ್, ಕ್ಯಾಬಿನೆಟ್, ಎಫೆಕ್ಟ್‌ಗಳನ್ನು ಡಿಜಿಟಲ್ ಆಗಿ ನಕಲು ಮಾಡುವ ಸಾಧನ) ಇದೆ, ಒಳ್ಳೆಯ ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್) ಇದೆ. ಆದರೆ ಆ ಒಂದು ಮಾತಿನಲ್ಲಿ ಎರಡು ತಪ್ಪಿವೆ. ಎಫ್‌ಆರ್‌ಎಫ್‌ಆರ್ ಅನ್ನೋದು ಒಂದು ಟೋನ್ ಅಲ್ಲ, ಸ್ಪೀಕರ್‌ನ ಒಂದು ಗುಣ. ಅದರಲ್ಲಿರುವ ಫ್ಲ್ಯಾಟ್‌ಗೂ ಸಪ್ಪೆ ಅನ್ನೋದಕ್ಕೂ ಸಂಬಂಧವೇ ಇಲ್ಲ. ಈ ಎರಡು ತಪ್ಪಿನಿಂದಲೇ ಕೈಯಲ್ಲಿ ಒಳ್ಳೆ ಸಾಮಾನು ಇಟ್ಟುಕೊಂಡವರು ಕೆಟ್ಟ ಸೌಂಡಿನ ಜೊತೆ ತಿಂಗಳುಗಟ್ಟಲೆ ಗುದ್ದಾಡಿ, ಕೊನೆಗೆ ಎಲ್ಲವನ್ನೂ ಮಾರಿಬಿಡುತ್ತಾರೆ. ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಬಿಡಿಸಿ ಹೇಳಿದರೆ ಫುಲ್ ರೇಂಜ್, ಫ್ಲ್ಯಾಟ್ ರೆಸ್ಪಾನ್ಸ್. ಮೊದಲ ಅರ್ಧ ಸುಲಭ. ನಮ್ಮ ಕಿವಿಗೆ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಅದರಲ್ಲಿ ಬಹುಪಾಲನ್ನು ಕೊಡುವ ಸ್ಪೀಕರ್ ಫುಲ್ ರೇಂಜ್. ಗಿಟಾರ್ ಸ್ಪೀಕರ್ ಹಾಗಲ್ಲ. ಸೆಲೆಶ್ಚನ್ ವಿಂಟೇಜ್ 30 ಎಲ್ಲರಿಗೂ ಗೊತ್ತು, ಅಲ್ವಾ? ಅದರ ತಯಾರಕರೇ ಕೊಡುವ ರೇಂಜ್ 70ರಿಂದ 5,000 ಹರ್ಟ್ಸ್. ಗಿಟಾರ್ ಕ್ಯಾಬಿನೆಟ್‌ನಲ್ಲಿ ಟ್ವೀಟರ್ (ಮೇಲಿನ ಫ್ರೀಕ್ವೆನ್ಸಿಗಳಿಗೆಂದೇ ಇರುವ ಚಿಕ್ಕ ಸ್ಪೀಕರ್) ಇರುವುದಿಲ್ಲ. 5,000 ದಾಟಿದ ಮೇಲೆ ಸದ್ದು ಬಂಡೆಯಿಂದ ಕೆಳಗೆ ಬಿದ್ದ ಹಾಗೆ ಇಳಿದುಬಿಡುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ತೊಂದರೆ ಇರುವುದು ಎರಡನೇ ಅರ್ಧದಲ್ಲಿ. ಫ್ಲ್ಯಾಟ್ ಅನ್ನೋ ಪದ ಗಿಟಾರ್ ನುಡಿಸುವವರ ಬಾಯಲ್ಲಿ ಕನಿಷ್ಠ ನಾಲ್ಕು ಕೆಲಸ ಮಾಡುತ್ತದೆ. ನಾಲ್ಕೂ ಬೇರೆ ಬೇರೆ.

ಪದದ ಮೂಲ ಹಳೆಯ ನಾರ್ಸ್ ಭಾಷೆಯ ‘ಫ್ಲಾಟ್ರ್’. ಏರು ತಗ್ಗು ಇಲ್ಲದ್ದು, ಸಪಾಟಾದದ್ದು ಅಂತ ಅರ್ಥ. ಇಂಗ್ಲಿಷಿಗೆ ಬಂದ ಮೇಲೆ ಅದು ಸಂಗೀತದ ಕಡೆಗೂ ಹೋಯಿತು. ಅಲ್ಲಿ ಫ್ಲ್ಯಾಟ್ ಅಂದರೆ ಸ್ವರ ಅರ್ಧ ಮೆಟ್ಟಿಲು ಕೆಳಗೆ. ಹಾಡುವವರು ಫ್ಲ್ಯಾಟ್ ಆದರು ಅಂದರೆ ಶ್ರುತಿ ಇಳಿಯಿತು ಅಂತ. ಆ ಚಿಹ್ನೆ ಬಿ ಅಕ್ಷರದ ಹಾಗೆ ಕಾಣುವುದಕ್ಕೂ ಕಾರಣ ಇದೆ. ಮಧ್ಯಯುಗದ ಯುರೋಪಿನಲ್ಲಿ ಬಿ ಸ್ವರಕ್ಕೆ ಎರಡು ರೂಪ ಇತ್ತು: ಒಂದು ಮೆದು, ಒಂದು ಗಟ್ಟಿ. ಮೆದುವಾದದ್ದನ್ನು ಗುಂಡಗೆ ಬರೆದರು, ಗಟ್ಟಿಯಾದದ್ದನ್ನು ಚೌಕವಾಗಿ ಬರೆದರು. ಗುಂಡನೆಯ ಬಿ ಇವತ್ತಿನ ಫ್ಲ್ಯಾಟ್ ಚಿಹ್ನೆ ಆಯಿತು, ಚೌಕದ್ದು ನ್ಯಾಚುರಲ್ ಚಿಹ್ನೆ ಆಯಿತು. ನಮ್ಮ ಸ್ಪೀಕರ್‌ಗೂ ಈ ಫ್ಲ್ಯಾಟ್‌ಗೂ ಏನೂ ಸಂಬಂಧವಿಲ್ಲ. ಇದನ್ನು ಯಾರೂ ತಪ್ಪಾಗಿ ತಿಳಿಯುವುದೂ ಇಲ್ಲ.

ತಪ್ಪಾಗುವುದು ಮೂರನೆಯದರಲ್ಲಿ. ಮಾತಿನಲ್ಲಿ ಫ್ಲ್ಯಾಟ್ ಅಂದರೆ ಸಪ್ಪೆ, ಜೀವ ಇಲ್ಲದ್ದು, ಕಳೆ ಇಲ್ಲದ್ದು. ಕನ್ನಡದಲ್ಲಿ ಮಾತಾಡುವಾಗಲೂ ನಾವು ‘ತುಂಬಾ ಫ್ಲ್ಯಾಟ್ ಆಗಿ ನುಡಿಸಿದ’ ಅಂತ ಇದೇ ಅರ್ಥದಲ್ಲಿ ಹೇಳುತ್ತೇವೆ. ಈ ಅರ್ಥವನ್ನು ತಲೆಯಲ್ಲಿಟ್ಟುಕೊಂಡು ಸ್ಪೀಕರ್ ಅಂಗಡಿಗೆ ಹೋದರೆ ‘ಫ್ಲ್ಯಾಟ್ ರೆಸ್ಪಾನ್ಸ್’ ಬೈಗುಳದ ಹಾಗೆ ಕೇಳಿಸುತ್ತದೆ.

ನಾಲ್ಕನೆಯದೇ ನಮಗೆ ಬೇಕಾದದ್ದು. ಇದು ಕಿವಿಯಿಂದ ಬಂದ ಪದ ಅಲ್ಲ, ಕಣ್ಣಿನಿಂದ ಬಂದದ್ದು. ಸ್ಪೀಕರ್‌ಗೆ ಎಲ್ಲ ಫ್ರೀಕ್ವೆನ್ಸಿಗಳನ್ನೂ ಒಂದೇ ಮಟ್ಟದಲ್ಲಿ ಕೊಡುತ್ತಾರೆ. ಮುಂದೆ ಮೈಕ್ ಇಟ್ಟು, ಯಾವುದು ಎಷ್ಟು ಜೋರಾಗಿ ಹೊರಗೆ ಬಂತು ಅಂತ ಅಳೆಯುತ್ತಾರೆ. ಅದನ್ನು ಗ್ರಾಫ್ ಮೇಲೆ ಎಳೆಯುತ್ತಾರೆ. ಎಲ್ಲವೂ ಒಂದೇ ಮಟ್ಟದಲ್ಲಿ ಬಂದಿದ್ದರೆ ಗೆರೆ ಅಡ್ಡಡ್ಡ ಮಲಗಿರುತ್ತದೆ. ಆ ಮಲಗಿದ ಗೆರೆಗೆ ಫ್ಲ್ಯಾಟ್ ಅಂತ ಹೆಸರು, ಅಷ್ಟೇ. ಸಮತಟ್ಟು ಅನ್ನಿ, ಸಪಾಟು ಅನ್ನಿ. ಸಪ್ಪೆ ಅನ್ನಬೇಡಿ. ಗಿಟಾರ್ ಸ್ಪೀಕರ್‌ನ ಗ್ರಾಫ್ ನೋಡಿದರೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. 2,000–3,000 ಹರ್ಟ್ಸ್ ಹತ್ತಿರ ಒಂದು ಗುಡ್ಡ, ಅದರಾಚೆ ಕಣಿವೆ. ನಮಗೆ ಇಷ್ಟವಾಗುವ ಗಿಟಾರ್ ಸೌಂಡ್‌ನಲ್ಲಿ ದೊಡ್ಡ ಪಾಲು ಆ ಗುಡ್ಡದ್ದು ಮತ್ತು ಕಣಿವೆಯದ್ದು. ಸಪಾಟಾದ ಸ್ಪೀಕರ್‌ನಲ್ಲಿ ಅವೆರಡೂ ಇಲ್ಲ. ಒಳಗೆ ಏನು ಹೋಯಿತೋ ಅದನ್ನು ಹಾಗೇ ಜೋರು ಮಾಡಿ ಹೊರಗೆ ಬಿಡುತ್ತದೆ. ಒಳಗೆ ಹೋದದ್ದು ಸಪ್ಪೆಯಾಗಿದ್ದರೆ ಹೊರಗೆ ಬರುವುದೂ ಸಪ್ಪೆ. ದೂರು ಹೇಳಬೇಕಾದದ್ದು ಪ್ರಿಸೆಟ್ (ಮಾಡೆಲರ್‌ನಲ್ಲಿ ಉಳಿಸಿಟ್ಟ ಸೆಟ್ಟಿಂಗ್) ಮೇಲೆ, ಸ್ಪೀಕರ್ ಮೇಲಲ್ಲ.

‘ಇಕ್ಯೂ ಫ್ಲ್ಯಾಟ್ ಇಟ್ಟಿದ್ದೀನಿ’ ಅನ್ನುವವರಿಗೂ ಒಂದು ಮಾತು. ಇಕ್ಯೂನ ಬಾಸ್ (ಕೆಳಗಿನ ಸದ್ದು), ಮಿಡ್ (ನಡುವಿನದು), ಟ್ರೆಬಲ್ (ಮೇಲಿನದು) ಮೂರನ್ನೂ ನಡುವಿಗೆ ತಿರುಗಿಸಿದರೆ ಫ್ಲ್ಯಾಟ್ ಆಗುವುದಿಲ್ಲ. ಫೆಂಡರ್ ಶೈಲಿಯ ಟೋನ್ ಸರ್ಕ್ಯೂಟ್‌ನಲ್ಲಿ ಮೂರು ನಾಬ್‌ಗಳೂ ನಡುವಿನಲ್ಲಿದ್ದಾಗ ಮಿಡ್ ತಗ್ಗಿನಲ್ಲೇ ಇರುತ್ತದೆ. ಗೆರೆ ಸಪಾಟಿಗೆ ಹತ್ತಿರ ಬರಬೇಕಾದರೆ ಮಿಡ್ ಪೂರ್ತಿ ಮೇಲೆ, ಬಾಸ್ ಮತ್ತು ಟ್ರೆಬಲ್ ಸೊನ್ನೆಯ ಹತ್ತಿರ ಇರಬೇಕು. ಮಾಡೆಲರ್‌ಗಳು ಇದನ್ನೂ ಸೇರಿಸಿಯೇ ನಕಲು ಮಾಡುತ್ತವೆ. ನಾಬ್ ನೇರ ನಿಂತಿದೆ ಅಂದ ಮಾತ್ರಕ್ಕೆ ಗೆರೆ ನೇರ ಆಗಿಬಿಡುವುದಿಲ್ಲ.

ಈಗ ಈ ತಪ್ಪು ತಿಳಿವಳಿಕೆ ವೇದಿಕೆ ಮೇಲೆ ಏನು ಮಾಡುತ್ತದೆ ಅಂತ ಹೇಳುತ್ತೇನೆ. ಒಂದು ಸೌಂಡ್‌ಚೆಕ್. ಹುಡುಗ ಡಿಸ್ಟಾರ್ಷನ್ ಹಾಕಿ ಒಂದು ಪವರ್ ಕಾರ್ಡ್ ಹೊಡೆದ. ತಗಡಿನ ಡಬ್ಬಿಯೊಳಗೆ ಜೇನುಹುಳು ಸಿಕ್ಕಿಹಾಕಿಕೊಂಡ ಹಾಗೆ ಕೇಳಿಸಿತು. ಟ್ರೆಬಲ್ ಸೊನ್ನೆಗೆ ಇಳಿಸಿದ. ಪ್ರೆಸೆನ್ಸ್ ಸೊನ್ನೆಗೆ ಇಳಿಸಿದ. ಜೇನುಹುಳು ಹಾಗೇ ಇದೆ. ಮೊಣಕಾಲೂರಿ ಕೂತು ಮಾಡೆಲರ್‌ನ ಸ್ಕ್ರೀನ್ ನೋಡಿದೆ. ಎಡದಿಂದ ಬಲಕ್ಕೆ ಬ್ಲಾಕ್‌ಗಳು ಸಾಲಾಗಿವೆ: ಗೇಟ್, ಓವರ್‌ಡ್ರೈವ್, ಆಂಪ್, ಕ್ಯಾಬ್, ಡಿಲೇ, ರಿವರ್ಬ್. ಎಲ್ಲಕ್ಕೂ ಬಣ್ಣ ಇದೆ, ಕ್ಯಾಬ್ (ಕ್ಯಾಬಿನೆಟ್‌ನ ನಕಲು) ಒಂದು ಮಾತ್ರ ಬೂದು. ಆಫ್ ಆಗಿದೆ. ಯಾಕೆ ಅಂತ ಕೇಳಿದೆ. ‘ಎಫ್‌ಆರ್‌ಎಫ್‌ಆರ್ ಇದೆಯಲ್ಲ, ಅದೇ ಕ್ಯಾಬಿನೆಟ್ ಅಲ್ವಾ? ಎರಡೆರಡು ಯಾಕೆ?’ ಅಂದ. ಯಾರೋ ಹೇಳಿಕೊಟ್ಟದ್ದಂತೆ. ಆ ಬ್ಲಾಕ್ ಆನ್ ಮಾಡಿದೆ. ಟ್ರೆಬಲ್ ವಾಪಸ್ ನಡುವಿಗೆ ತಂದೆವು. ಅದೇ ಕಾರ್ಡ್ ಈ ಸಲ ಎದೆಗೆ ಬಂದು ತಾಗಿತು. ಅವನ ಮುಖ ನೋಡಬೇಕಿತ್ತು.

ಆದದ್ದು ಇಷ್ಟು. ಡಿಸ್ಟಾರ್ಷನ್ ಅನ್ನೋದು ಮೂಲ ಸ್ವರದ ಮೇಲೆ ಹಾರ್ಮೋನಿಕ್‌ಗಳ (ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಹೀಗೆ ಮೇಲೇರುವ ಫ್ರೀಕ್ವೆನ್ಸಿಗಳ) ರಾಶಿಯನ್ನೇ ಪೇರಿಸುತ್ತದೆ. 10,000 ಹರ್ಟ್ಸ್ ದಾಟಿ ಹೋಗುತ್ತವೆ ಅವು. ಗಿಟಾರ್ ಸ್ಪೀಕರ್ ಇವನ್ನೆಲ್ಲ ನುಂಗಿ ಹಾಕುತ್ತಿತ್ತು. ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಫುಲ್ ರೇಂಜ್ ಡಬ್ಬಿಯಲ್ಲಿ ಟ್ವೀಟರ್ ಇದೆ, ಅದು ಏನನ್ನೂ ನುಂಗುವುದಿಲ್ಲ. ಹಾಗಾಗಿ ನುಂಗುವ ಕೆಲಸವನ್ನು ಮಾಡೆಲರ್ ಒಳಗಿನ ಕ್ಯಾಬ್ ಬ್ಲಾಕ್ ಮಾಡಲೇಬೇಕು. ಇದು ತಿರುಗುಮುರುಗಾಗಿಯೂ ನಿಜ. ಮಾಡೆಲರ್‌ನಿಂದ ನಿಜವಾದ ಗಿಟಾರ್ ಕ್ಯಾಬಿನೆಟ್‌ಗೆ ಹೋಗುತ್ತಿದ್ದರೆ ಕ್ಯಾಬ್ ಬ್ಲಾಕ್ ಆಫ್ ಇರಬೇಕು. ಇಲ್ಲದಿದ್ದರೆ ಗುಡ್ಡ ಕಣಿವೆ ಎರಡೆರಡು ಸಲ ಬಂದು, ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ.

ಆ ಬ್ಲಾಕ್ ಒಳಗೆ ಇರುವುದು ಸಾಮಾನ್ಯವಾಗಿ ಇಂಪಲ್ಸ್ ರೆಸ್ಪಾನ್ಸ್, ಅಂದರೆ ಐಆರ್. ಒಂದು ಕ್ಯಾಬಿನೆಟ್, ಅದರ ಮುಂದೆ ಒಂದು ಮೈಕ್, ಇವೆರಡೂ ಸೇರಿ ಒಂದು ಕ್ಷಣದ ಸದ್ದಿಗೆ ಹೇಗೆ ಸ್ಪಂದಿಸುತ್ತವೆ ಅನ್ನೋದರ ದಾಖಲೆ ಅದು. 48 ಕಿಲೋಹರ್ಟ್ಸ್‌ನಲ್ಲಿ 2,048 ಸ್ಯಾಂಪಲ್ ಉದ್ದದ ಐಆರ್ ಅಂದರೆ ಸುಮಾರು 43 ಮಿಲಿಸೆಕೆಂಡ್. ಅಷ್ಟು ಚಿಕ್ಕ ಫೈಲ್ ನಿಮ್ಮ ಟೋನ್‌ನ ಹಣೆಬರಹ ಬರೆಯುತ್ತದೆ. ಆಂಪ್ ಮಾಡೆಲ್ ಬದಲಿಸಿ ಬದಲಿಸಿ ಬೇಸತ್ತವರು ಐಆರ್ ಒಂದನ್ನು ಬದಲಿಸಿ ನೋಡಿ. ವ್ಯತ್ಯಾಸ ಅಲ್ಲಿ ಜಾಸ್ತಿ.

‘ಮೈಕ್’ ಅಂದೆನಲ್ಲ, ಅದು ಮುಖ್ಯ. ಐಆರ್‌ನಲ್ಲಿ ಮೈಕ್ ಕೂಡ ಸೇರಿದೆ. ಹೆಚ್ಚಿನವು ಶ್ಯೂರ್ ಎಸ್‌ಎಮ್57 ತರದ ಮೈಕನ್ನು ಸ್ಪೀಕರ್ ಬಟ್ಟೆಗೆ ತಾಗಿಸಿ ತೆಗೆದದ್ದು. ಹಾಗಾಗಿ ನೀವು ಕೇಳುವುದು ಕೋಣೆಯಲ್ಲಿ ಹತ್ತು ಅಡಿ ದೂರದಿಂದ ಕೇಳಿದ ಆಂಪ್ ಅಲ್ಲ, ರೆಕಾರ್ಡ್ ಮಾಡಿದ ಆಂಪ್. ‘ನನ್ನ ಆಂಪ್ ಕಾಲಿನ ಹಿಂದಿನಿಂದ ಪ್ಯಾಂಟ್ ಅಲುಗಾಡಿಸುತ್ತಿತ್ತು, ಇದು ಹಾಗಿಲ್ಲ’ ಅನ್ನುವವರ ಮಾತು ನಿಜ. ಆ ಅನುಭವ ಬೇಕಿದ್ದರೆ ಪವರ್ ಆಂಪ್ ಮತ್ತು ಗಿಟಾರ್ ಕ್ಯಾಬಿನೆಟ್ ಕಡೆಗೆ ಹೋಗಿ, ತಪ್ಪೇನಿಲ್ಲ. ಆದರೆ ಜನರಿಗೆ ಕೇಳುತ್ತಿದ್ದದ್ದು ಯಾವತ್ತೂ ಮೈಕ್ ಹಿಡಿದ ಸೌಂಡೇ. ಎಫ್‌ಆರ್‌ಎಫ್‌ಆರ್ ಅದನ್ನೇ ನಿಮಗೂ ಕೇಳಿಸುತ್ತದೆ. ಇದರಿಂದ ನನಗೆ ತುಂಬಾ ಉಪಕಾರವಾಗಿದೆ. ಮೊದಲು ವೇದಿಕೆ ಮೇಲೆ ಚೆಂದ ಕೇಳುತ್ತಿದ್ದದ್ದು ಹೊರಗೆ ಹೇಗಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಹಾಗಾದರೆ ಸಪಾಟಾದ ಸ್ಪೀಕರ್, ಕ್ಯಾಬ್ ಬ್ಲಾಕ್ ಆನ್, ಮುಗಿಯಿತಾ? ಇಲ್ಲ. ಸ್ಪೀಕರ್ ಫ್ಲ್ಯಾಟ್ ಇರಬಹುದು, ನಮ್ಮ ಕಿವಿ ಫ್ಲ್ಯಾಟ್ ಅಲ್ಲ. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಸದ್ದು ಮೆಲ್ಲಗಿದ್ದಾಗ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ. ಈಗಿನ ಐಎಸ್‌ಒ 226 ಮಾನದಂಡದ ಪ್ರಕಾರ, 1,000 ಹರ್ಟ್ಸ್‌ನ 40 ಡೆಸಿಬೆಲ್ ಸದ್ದಿನಷ್ಟೇ ಜೋರಾಗಿ ಕೇಳಬೇಕಾದರೆ 100 ಹರ್ಟ್ಸ್‌ಗೆ 20 ಡೆಸಿಬೆಲ್‌ಗಿಂತ ಹೆಚ್ಚೇ ಸೇರಿಸಬೇಕು. ಅದೇ 80 ಡೆಸಿಬೆಲ್‌ಗೆ ಬಂದರೆ ಆ ಅಂತರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇದರ ಪಾಠ ನಾನು ಕಷ್ಟಪಟ್ಟು ಕಲಿತೆ. ಒಂದು ಕಾರ್ಯಕ್ರಮಕ್ಕೆ ಮೂರು ರಾತ್ರಿ ಹೆಡ್‌ಫೋನ್ ಹಾಕಿಕೊಂಡು, ಯಾರಿಗೂ ಎಚ್ಚರ ಆಗದಷ್ಟು ಮೆಲ್ಲಗೆ ಪ್ರಿಸೆಟ್ ಕಟ್ಟಿದ್ದೆ. ಬಾಸ್ ಸಾಲದು ಅನಿಸಿತ್ತು, ಏರಿಸಿದ್ದೆ. ಮೇಲಿನ ಹೊಳಪು ಸಾಲದು ಅನಿಸಿತ್ತು, ಅದನ್ನೂ ಏರಿಸಿದ್ದೆ. ಮಿಡ್ ಗಡುಸು ಅನಿಸಿ ಇಳಿಸಿದ್ದೆ. ಮಾರನೇ ದಿನ ಡ್ರಮ್ಸ್ ಪಕ್ಕದಲ್ಲಿ ಅದೇ ಪ್ರಿಸೆಟ್ ಹಾಕಿದೆ. ಕೆಳಗೆ ಗುಂಯ್ ಅನ್ನುವ ಕೆಸರು, ಮೇಲೆ ಕಿವಿ ಚುಚ್ಚುವ ಸೂಜಿ, ನಡುವೆ ಗಿಟಾರ್ ಇರಬೇಕಾದ ಜಾಗ ಖಾಲಿ. ಬಾಸ್ ಗಿಟಾರ್, ಕಿಕ್ ಡ್ರಮ್ ಕೆಳಗಿನದನ್ನು ನುಂಗಿದವು, ಸಿಂಬಲ್‌ಗಳು ಮೇಲಿನದನ್ನು ನುಂಗಿದವು. ಸೋಲೋ ಯಾರಿಗೂ ಕೇಳಲೇ ಇಲ್ಲ. ಆಗಲೂ ಸ್ಪೀಕರ್ ಫ್ಲ್ಯಾಟ್ ಆಗಿಯೇ ಇತ್ತು. ಮೂರು ರಾತ್ರಿ ನಾನು ಮಾಡಿದ್ದನ್ನು ಚಾಚೂ ತಪ್ಪದೆ ಜೋರು ಮಾಡಿ ಕೊಟ್ಟಿತು.

ಈಗ ಪ್ರಿಸೆಟ್ ಕಟ್ಟುವುದು ಅದೇ ಸ್ಪೀಕರ್‌ನಲ್ಲಿ, ಕಾರ್ಯಕ್ರಮದ ವಾಲ್ಯೂಮ್‌ನಲ್ಲಿ ಮಾತ್ರ. ಅರ್ಧ ಗಂಟೆ ಸಾಕು, ಕಿವಿಗೂ ಅದಕ್ಕಿಂತ ಜಾಸ್ತಿ ಒಳ್ಳೆಯದಲ್ಲ. ಕ್ಯಾಬ್ ಬ್ಲಾಕ್‌ನಲ್ಲಿ ಲೋ ಕಟ್ (ಅದರ ಕೆಳಗಿನದನ್ನು ಕತ್ತರಿಸುವುದು) 80–100 ಹರ್ಟ್ಸ್, ಹೈ ಕಟ್ (ಮೇಲಿನದನ್ನು ಕತ್ತರಿಸುವುದು) 6,000–8,000 ಹರ್ಟ್ಸ್ ಹತ್ತಿರ ಇಟ್ಟು ಶುರು ಮಾಡುತ್ತೇನೆ. ಸ್ಟ್ಯಾಂಡರ್ಡ್ ಟ್ಯೂನಿಂಗ್‌ನಲ್ಲಿ ಗಿಟಾರ್‌ನ ದಪ್ಪ ತಂತಿಯ ಸ್ವರವೇ 82 ಹರ್ಟ್ಸ್. ಅದಕ್ಕಿಂತ ಕೆಳಗಿನದು ಬಹುತೇಕ ಕೈ ತಾಗಿದ ಸದ್ದು, ಗುಡುಗು. ಗೇನ್ (ಡಿಸ್ಟಾರ್ಷನ್ ಎಷ್ಟು ಅನ್ನೋದು) ಮನೆಯಲ್ಲಿ ಬೇಕೆನಿಸಿದ್ದಕ್ಕಿಂತ ಕಡಿಮೆ ಸಾಕು. ಮಿಡ್ ಒಬ್ಬರೇ ನುಡಿಸುವಾಗ ಕೊಂಚ ಜಾಸ್ತಿಯಾಯಿತು ಅನಿಸಿದರೆ ಬ್ಯಾಂಡ್ ಜೊತೆ ಸರಿಯಾಗಿರುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಕಾಗದದ ಮೇಲಿನ ಫ್ಲ್ಯಾಟ್ ಗೆರೆ ಸ್ಪೀಕರ್‌ನ ನೇರ ಮುಂದೆ, ಸುತ್ತ ಗೋಡೆ ನೆಲ ಏನೂ ಅಡ್ಡ ಬರದ ಹಾಗೆ ಅಳೆದದ್ದು. ಅದನ್ನು ನೆಲಕ್ಕಿಟ್ಟ ಕೂಡಲೇ ನೆಲ ಬಾಸ್ ಅನ್ನು ಮೇಲೆ ದೂಡುತ್ತದೆ, 6 ಡೆಸಿಬೆಲ್‌ವರೆಗೂ ಏರಬಹುದು. ಮೂಲೆಗೆ ತಳ್ಳಿದರೆ ಇನ್ನೂ ಜಾಸ್ತಿ. ಇದಕ್ಕೆ ಪ್ರಿಸೆಟ್‌ಗಳನ್ನು ಒಂದೊಂದಾಗಿ ತಿದ್ದಲು ಹೋಗಬೇಡಿ. ಎಲ್ಲ ಪ್ರಿಸೆಟ್‌ಗಳಿಗೂ ಒಟ್ಟಿಗೆ ಅನ್ವಯಿಸುವ ಗ್ಲೋಬಲ್ ಇಕ್ಯೂ ಇರುವುದೇ ಇದಕ್ಕೆ. ಅದು ನಿಮ್ಮ ಸ್ಪೀಕರ್‌ಗೆ ಹೋಗುವ ಔಟ್‌ಪುಟ್‌ಗೆ ಮಾತ್ರ ಅನ್ವಯಿಸುವ ಹಾಗೆ ಇಟ್ಟುಕೊಂಡರೆ, ಮಿಕ್ಸರ್‌ಗೆ ಹೋಗುವ ಸಿಗ್ನಲ್ ಕೆಡುವುದಿಲ್ಲ.

ಸ್ಪೀಕರ್ ಹಿಂದಿನ ಸ್ವಿಚ್ ಕೂಡ ನೋಡಿ. ಪಿಎ ಸ್ಪೀಕರ್‌ಗಳಲ್ಲಿ (ಸಭೆಗೆ ಕೇಳಿಸಲು ಇಡುವ ಸ್ಪೀಕರ್) ಡಿಜೆ, ವೋಕಲ್, ಮಾನಿಟರ್ ಅಂತ ಮೋಡ್‌ಗಳಿರುತ್ತವೆ. ಯಮಹಾ ಡಿಎಕ್ಸ್‌ಆರ್ ಸರಣಿಯಲ್ಲಿ ಡಿ-ಕಾಂಟೂರ್ ಅಂತ ಒಂದು ಸ್ವಿಚ್ ಇದೆ. ಇಂಥದ್ದು ಯಾವುದು ಆನ್ ಇದ್ದರೂ ಮಲಗಿದ್ದ ಗೆರೆ ಎದ್ದು ಕೂರುತ್ತದೆ. ಆಫ್ ಅಥವಾ ಫ್ಲ್ಯಾಟ್‌ಗೆ ತನ್ನಿ. ಲೈನ್ ಸಿಗ್ನಲ್ (ಮೈಕ್‌ನದಕ್ಕಿಂತ ತುಂಬಾ ಜೋರಾದ ಸಿಗ್ನಲ್) ಕೊಟ್ಟು ಇನ್‌ಪುಟ್ ಅನ್ನು ಮೈಕ್‌ನಲ್ಲಿ ಬಿಟ್ಟು ‘ಒಡೀತಿದೆ’ ಅನ್ನುವವರೂ ಇದ್ದಾರೆ. ಅದೂ ಅಲ್ಲೇ ಪಕ್ಕದ ಸ್ವಿಚ್.

ಕೊಳ್ಳುವವರಿಗೆ: ಎಫ್‌ಆರ್‌ಎಫ್‌ಆರ್ ಅನ್ನೋದು ಒಂದು ಗುಣ, ಸಾಮಾನಿನ ಜಾತಿ ಅಲ್ಲ. ಹೆಡ್‌ರಶ್‌ನವರು ಮಾಡೆಲ್ ಹೆಸರಿನಲ್ಲೇ ಅದನ್ನು ಸೇರಿಸಿದ್ದಾರೆ, ಸರಿ. ಆದರೆ ಒಳ್ಳೆಯ ಪಿಎ ಸ್ಪೀಕರ್ ಕೂಡ ಎಫ್‌ಆರ್‌ಎಫ್‌ಆರ್, ಸ್ಟುಡಿಯೋ ಮಾನಿಟರ್ ಕೂಡ ಎಫ್‌ಆರ್‌ಎಫ್‌ಆರ್. ಲೈನ್ 6 ಪವರ್‌ಕ್ಯಾಬ್ ತರದವು ಫ್ಲ್ಯಾಟ್ ಮೋಡ್‌ನಲ್ಲಿದ್ದಾಗ ಮಾತ್ರ ಆ ಹೆಸರಿಗೆ ಸಲ್ಲುತ್ತವೆ, ಗಿಟಾರ್ ಸ್ಪೀಕರ್ ಮೋಡ್‌ಗೆ ಹೋದರೆ ಇಲ್ಲ. ಡಬ್ಬಿ ಮೇಲೆ ‘50 ಹರ್ಟ್ಸ್–20 ಕಿಲೋಹರ್ಟ್ಸ್’ ಅಂತ ಸುಮ್ನೆ ಬರೆದಿದ್ದರೆ ಅದು ಫುಲ್ ರೇಂಜ್‌ಗೆ ಸಾಕ್ಷಿ ಇರಬಹುದು, ಫ್ಲ್ಯಾಟ್‌ಗೆ ಅಲ್ಲ. ಪಕ್ಕದಲ್ಲಿ ‘ಪ್ಲಸ್ ಮೈನಸ್ 3 ಡೆಸಿಬೆಲ್’ ಅಂತ ಇದೆಯಾ ನೋಡಿ. ‘ಮೈನಸ್ 10’ ಅಂತ ಇದ್ದರೆ ಅದು ತುದಿಗಳಲ್ಲಿ ಎಷ್ಟು ಕುಸಿದಿದೆ ಅಂತ ಮಾತ್ರ ಹೇಳುತ್ತದೆ, ನಡುವಿನ ಏರಿಳಿತದ ಬಗ್ಗೆ ಏನೂ ಹೇಳುವುದಿಲ್ಲ.

‘ನನ್ನ ಎಫ್‌ಆರ್‌ಎಫ್‌ಆರ್‌ನಲ್ಲಿ ಈ ಐಆರ್ ಚೆನ್ನಾಗಿ ಕೇಳುತ್ತೆ’ ಅನ್ನಿ, ಸರಿಯಾದ ಬಳಕೆ. ‘ಎಫ್‌ಆರ್‌ಎಫ್‌ಆರ್ ಟೋನ್’ ಅಂದರೆ ಯಾವ ಆಂಪ್, ಯಾವ ಕ್ಯಾಬ್, ಯಾವ ಮೈಕ್ ಅಂತ ನಾನು ಕೇಳಲೇಬೇಕಾಗುತ್ತದೆ.